ಕಾಣದ ತಕ್ಕಡಿ

ವ್ಯಾಪಾರವು ನಂಬಿಕೆಯ ಮೇಲೆ ನಿಂತಿರುವ ವ್ಯವಹಾರ. ಸಂತೆಗೆ ಹೋದವನು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುತ್ತಾನೆ. ಚೌಕಾಸಿ ಮಾಡಿ, ಕೊನೆಗೆ ಒಂದಿಷ್ಟು ಕೊಸರನ್ನೂ ಕೇಳಿ ಪಡೆಯುತ್ತಾನೆ. ಇಷ್ಟೆಲ್ಲ ಎಚ್ಚರವಿದ್ದರೂ ಸಂತೆಯಲ್ಲಿ ಮೋಸ ಇಲ್ಲದಿರಲಿಲ್ಲ. ಆದುದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರವು ತೂಕ ಅಳತೆಗಳಲ್ಲಿ ಕಪಟವೆಸಗುವ ವರ್ತಕರಿಗೆ ದಂಡವನ್ನು ವಿಧಿಸಿದೆ. ಕೊಳ್ಳುವವನನ್ನು ಕಾಯುವುದು ಆಳುವವರ ಕರ್ತವ್ಯವೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ.

ಇಂದು ಸಂತೆಯೇ ಮೊಬೈಲ್ ಫೋನಿನೊಳಗೆ ಬಂದು ಕುಳಿತಿದೆ. ಅಲ್ಲಿ ಸರಕನ್ನು ಮುಟ್ಟಿ ನೋಡುವಂತಿಲ್ಲ, ಮಾರುವವನ ಮುಖ ಕಾಣದು, ತಕ್ಕಡಿಯೂ ಕಾಣದು. ಆದರೆ ಮಾರುವವನಿಗೆ ನಾವು ಚೆನ್ನಾಗಿ ಕಾಣುತ್ತೇವೆ. ನಾವು ಏನನ್ನು ಹುಡುಕಿದೆವು, ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿದೆವು, ಯಾವ ಬೆಲೆಗೆ ಹಿಂಜರಿದೆವು ಎಂಬುದನ್ನೆಲ್ಲ ಅವನ ಯಂತ್ರಗಳು ಗುರುತಿಟ್ಟುಕೊಳ್ಳಬಲ್ಲವು. ‘ಕೊಳ್ಳುವವನೇ ಎಚ್ಚರದಿಂದಿರಲಿ’ ಎಂಬುದು ಹಳೆಯ ನೀತಿ. ಇಬ್ಬರಿಗೂ ಸರಕು ಸಮಾನವಾಗಿ ಕಾಣುವಲ್ಲಿ ಅದು ಸಲ್ಲಬಹುದು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಎಡವಿದಾಗ ‘ನೋಡಿ ನಡೆಯಬಾರದಿತ್ತೆ?’ ಎಂದು ಕೇಳುವುದು ನ್ಯಾಯವೆನಿಸದು.

ಈ ಅಸಮಾನತೆಯನ್ನು ಸರಿಪಡಿಸುವ ಸಲುವಾಗಿಯೇ ಕಾನೂನು ನಡುವೆ ಬರಬೇಕಾಯಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ರೂಪುಗೊಂಡಿತು. ಆ ವರ್ಷದ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತುದರ ನೆನಪಿಗಾಗಿ ಆ ದಿನವನ್ನು ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತೇವೆ. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯ ಮಾತು ಜಾಹೀರಾತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ ಹೊಸ ಕಾಯಿದೆಯಡಿ 10 ಲಕ್ಷ ರೂಪಾಯಿಗಳವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ಹಾಕಬಹುದು. ಸರಕಿನ ಸತ್ಯಾಸತ್ಯತೆಯನ್ನು ವಿಚಾರಿಸದೆ ಅದನ್ನು ಹೊಗಳುವ ತಾರೆಯರೂ ಆಟಗಾರರೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಮಕ್ಕಳ ಅನನುಭವವನ್ನೂ ಮುಗ್ಧ ನಂಬಿಕೆಯನ್ನೂ ದುರುಪಯೋಗಪಡಿಸಿಕೊಳ್ಳುವ ಜಾಹೀರಾತು ಸಲ್ಲದೆಂದು 2022ರ ಮಾರ್ಗಸೂಚಿಗಳು ಹೇಳುತ್ತವೆ.

ಸುಳ್ಳು ಹೇಳಿ ಮಾರುವುದು ಒಂದು ಬಗೆಯ ಮೋಸ. ಸುಳ್ಳನ್ನೇ ಆಡದೆ, ಕೊಳ್ಳುವವನ ಮನಸ್ಸನ್ನು ಬಲೆಗೆ ಕೆಡಹುವುದು ಇನ್ನೂ ಸೂಕ್ಷ್ಮವಾದ ಮೋಸ. ನಾವು ಕೇಳದ ವಸ್ತುವೊಂದು ನಮ್ಮ ಬುಟ್ಟಿಯಲ್ಲಿ ಸದ್ದಿಲ್ಲದೆ ಸೇರಿರುತ್ತದೆ. ಮೊದಲು ತೋರಿದ ಬೆಲೆ ಹಣ ಕೊಡುವ ವೇಳೆಗೆ ಬೆಳೆದಿರುತ್ತದೆ. ಚಂದಾದಾರರಾಗಲು ಒಮ್ಮೆ ಒತ್ತಿದರೆ ಸಾಕು. ಬಿಡಬೇಕೆಂದರೆ ಬಾಗಿಲೇ ಸಿಗದು. ರಾಶಿ ಸರಕಿದ್ದರೂ ‘ಇನ್ನೆರಡೇ ಉಳಿದಿವೆ’ ಎಂಬ ಅವಸರ. ಬೇಡವೆಂದರೆ ‘ನನಗೆ ಹಣ ಉಳಿಸುವ ಇಚ್ಛೆಯಿಲ್ಲ’ ಎಂದು ನಮ್ಮಿಂದಲೇ ಒಪ್ಪಿಸಿಕೊಂಡು ನಾಚಿಸುವ ಜಾಣತನ! ‘ಡಾರ್ಕ್ ಪ್ಯಾಟರ್ನ್’ ಎಂದು ಕರೆಯಲಾಗುವ ಇಂತಹ 13 ತಂತ್ರಗಳನ್ನು ಹೆಸರಿಸಿ, 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಷೇಧಿಸಿತು. ಈ ನಿಷೇಧದ ಹಿಂದೊಂದು ದೊಡ್ಡ ತತ್ತ್ವವಿದೆ: ಉಪಾಯದಿಂದ ಕಸಿದುಕೊಂಡ ಒಪ್ಪಿಗೆ ಒಪ್ಪಿಗೆಯಲ್ಲ.

ಇಷ್ಟೊಂದು ನಿಯಮಗಳಿಂದ ವ್ಯಾಪಾರಕ್ಕೆ ತೊಡಕಾಗುವುದೆಂದು ಆಕ್ಷೇಪಿಸುವವರುಂಟು. ಸಣ್ಣ ವರ್ತಕನಿಗೆ ನಿಯಮಪಾಲನೆ ಒಂದು ಹೊರೆ ಎಂಬುದೂ ಸುಳ್ಳಲ್ಲ. ಆದರೆ ಕಳ್ಳತೂಕದವನ ಪಕ್ಕದಲ್ಲಿ ಸರಿತೂಕದವನು ಬಹುಕಾಲ ಬಾಳಲಾರ. ಬೆಲೆಯನ್ನು ಮೊದಲೇ ಪೂರ್ಣವಾಗಿ ತಿಳಿಸುವ ಪ್ರಾಮಾಣಿಕನು ದುಬಾರಿಯವನಂತೆ ಕಂಡು, ಬಚ್ಚಿಡುವವನು ಅಗ್ಗದವನಂತೆ ಕಂಡರೆ, ಸೋಲುವುದು ಪ್ರಾಮಾಣಿಕತೆಯೇ. ಆದುದರಿಂದ ಈ ಕಾನೂನು ಗ್ರಾಹಕನಿಗೆ ಎಷ್ಟು ರಕ್ಷಣೆಯೋ ಸಜ್ಜನ ವರ್ತಕನಿಗೂ ಅಷ್ಟೇ ರಕ್ಷಣೆ.

ಆದರೆ ಕಾನೂನು ತಾನಾಗಿ ನಡೆದು ಬಂದು ಯಾರ ಮನೆಯ ಬಾಗಿಲನ್ನೂ ತಟ್ಟದು. ನಾವೇ ಅದನ್ನು ಕರೆಯಬೇಕು. ಅಂತರಜಾಲದ ಮಾರಾಟ ಸಂಸ್ಥೆಯು ದೂರು ತಲುಪಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ನಿಯಮಗಳು ಹೇಳುತ್ತವೆ. 1915 ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. 5 ಲಕ್ಷ ರೂಪಾಯಿಗಳವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಹೋದದ್ದು ಹತ್ತೇ ರೂಪಾಯಿಯೆಂದು ಸುಮ್ಮನಿರುವ ಲಕ್ಷಾಂತರ ಜನರ ಮೌನವೇ ವಂಚಕನ ಬಂಡವಾಳ.

ವಿದ್ಯಾರ್ಥಿಗಳಿಗೆ ಓದು ಪರೀಕ್ಷೆಗೆ ಮಾತ್ರ ಮೀಸಲಲ್ಲ. ಒಪ್ಪಿಗೆಯ ಗುಂಡಿಯನ್ನು ಒತ್ತುವ ಮುನ್ನ ಸಣ್ಣ ಅಕ್ಷರಗಳನ್ನು ಓದುವುದು, ರಸೀದಿಯನ್ನು ಕಾಪಾಡುವುದು, ಮನೆಯ ಹಿರಿಯರಿಗೂ ಓದಿ ಹೇಳುವುದು, ಅನ್ಯಾಯವಾದಾಗ ಅಂಜದೆ ಕೇಳುವುದು ಇವೂ ವಿದ್ಯೆಯ ಫಲಗಳೇ. ತಕ್ಕಡಿ ಕಣ್ಣಿಗೆ ಕಾಣದ ಕಾಲದಲ್ಲಿ ತೂಗುವ ಹೊಣೆ ನಮ್ಮ ವಿವೇಕದ ಮೇಲಿದೆ.