ಮೂಟೆ ಕಟ್ಟಿದರೆ ಭಾರ ಇಳಿಯುವುದಿಲ್ಲ

ಬೆಥೆಸ್ಡಾ ಕಂಪನಿಯ ‘ಸ್ಕೈರಿಮ್’ ಬಂದದ್ದು 2011ರ ನವೆಂಬರ್‌ನಲ್ಲಿ. ಇಷ್ಟು ಹಳೆಯ ಆಟ ಇಂದಿಗೂ ಹಳತಾಗಿ ಕಾಣದಿದ್ದರೆ ಅದರ ಶ್ರೇಯಸ್ಸು ಬಹುಪಾಲು ಮಾಡರ್‌ಗಳದ್ದು. ಗೋಡೆಯ ಕಲ್ಲು, ಹಿಮ, ಹುಲ್ಲು, ಕುದುರೆಯ ಮೈ, ಹೆಂಡದ ಲೋಟ ಎಲ್ಲಕ್ಕೂ ಹೊಸ ಮೇಲ್ಮೈ ಚಿತ್ರಗಳನ್ನು, ಅಂದರೆ ಟೆಕ್ಸ್ಚರ್‌ಗಳನ್ನು, ಬಿಡುವಿನ ವೇಳೆಯಲ್ಲಿ ಮಾಡಿ ಪುಕ್ಕಟೆ ಹಂಚುವವರು ಅವರು. ಇಂಥ ಮಾಡ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಹೋದ ಆಟಗಾರನ ಕಂಪ್ಯೂಟರ್ ಒಂದು ಸಂಜೆ ಏದುಸಿರು ಬಿಡತೊಡಗುತ್ತದೆ. ಊರಬಾಗಿಲು ದಾಟಿದರೆ ಲೋಡಿಂಗ್ ಮುಗಿಯುವುದಿಲ್ಲ. ಸಂತೆಯಲ್ಲಿ ಕತ್ತು ತಿರುಗಿಸಿದರೆ ದೃಶ್ಯ ಮುಗ್ಗರಿಸುತ್ತದೆ. ಆಗ ಸಿಗುವ ಮೊದಲ ಸಲಹೆ: ಬಿಡಿ ಫೈಲುಗಳನ್ನೆಲ್ಲ ಆರ್ಕೈವ್‌ಗೆ ತುಂಬು, ಸರಿಹೋಗುತ್ತದೆ.

ಸಲಹೆ ಸುಳ್ಳಲ್ಲ, ಅರ್ಧ ನಿಜ. ಅದೇ ತೊಂದರೆ.

ನಿಜವಾದ ಅರ್ಧವನ್ನು ಮೊದಲು ನೋಡೋಣ. ಒಂದು ಗೋಡೆಗೆ ಕನಿಷ್ಠ ಎರಡು ಫೈಲು ಬೇಕು: ಬಣ್ಣಕ್ಕೊಂದು, ಉಬ್ಬುತಗ್ಗಿನ ಭಾಸಕ್ಕೊಂದು. ಹೀಗೆ ಸೇರಿಸುತ್ತ ಹೋದರೆ ಬಿಡಿ ಫೈಲುಗಳು ಸಾವಿರಾರು ಆಗುವುದು ಕಷ್ಟವಲ್ಲ. ಪ್ರತಿಯೊಂದನ್ನು ತೆರೆಯುವಾಗಲೂ ವಿಂಡೋಸ್ ಅದು ಎಲ್ಲಿದೆ ಎಂದು ಹುಡುಕಬೇಕು, ಅನುಮತಿ ನೋಡಬೇಕು; ಆಂಟಿವೈರಸ್ ನಡುವೆ ಬಂದು ಒಮ್ಮೆ ಮೂಸಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದರೆ ಅದರ ಮುಳ್ಳು ಪ್ರತಿ ಫೈಲಿಗೂ ಜಾಗ ಬದಲಿಸಬೇಕು. ಆರ್ಕೈವ್ ಎಂಬುದು ಇದನ್ನೆಲ್ಲ ಒಂದೇ ದೊಡ್ಡ ಫೈಲಿಗೆ ತುಂಬಿ, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಮೊದಲಿಗೇ ಬರೆದಿಡುತ್ತದೆ. ಆಟ ಒಮ್ಮೆ ತೆರೆದರೆ ಸಾಕು. ಉಪಾಯ ಹೊಸದೇನಲ್ಲ. 1993ರ ‘ಡೂಮ್’ ತನ್ನ ಸರಕನ್ನೆಲ್ಲ ವಾಡ್ ಎಂಬ ಫೈಲಿನಲ್ಲಿ ಇಟ್ಟುಕೊಂಡಿತ್ತು, 1996ರ ‘ಕ್ವೇಕ್’ ಪ್ಯಾಕ್ ಎಂಬ ಫೈಲಿನಲ್ಲಿ. ಸ್ಕೈರಿಮ್‌ನ ಮೂಟೆಯ ಹೆಸರು ಬಿಎಸ್‌ಎ. ಮಾಡ್ ಆರ್ಗನೈಸರ್ ಬಳಸುವವರಿಗೆ ಇನ್ನೊಂದು ಲಾಭವೂ ಇದೆ. ಆ ತಂತ್ರಾಂಶ ಪ್ರತಿ ಸಲವೂ ಬಿಡಿ ಫೈಲುಗಳನ್ನೆಲ್ಲ ಸೇರಿಸಿ ಒಂದು ಕಾಲ್ಪನಿಕ ಫೋಲ್ಡರ್ ಕಟ್ಟಬೇಕಾಗುತ್ತದೆ. ಫೈಲು ಕಡಿಮೆಯಾದಷ್ಟೂ ಆಟ ಬೇಗ ಏಳುತ್ತದೆ.

ಪುಣೆಯಿಂದ ಹೈದರಾಬಾದಿಗೆ ಮನೆ ಬದಲಿಸಿದವರಿಗೆ ಇದು ಗೊತ್ತಿರುವ ಸಂಗತಿ. ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿದರೆ ಲಾರಿಗೆ ಏರಿಸುವುದು ಬೇಗ ಮುಗಿಯುತ್ತದೆ. ಹೊಸ ಮನೆಯ ಅಡುಗೆಕೋಣೆ ಅದರಿಂದ ದೊಡ್ಡದಾಗುವುದಿಲ್ಲ.

ಇಲ್ಲಿ ಅಡುಗೆಕೋಣೆ ಎಂದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ. 4ಕೆ ಟೆಕ್ಸ್ಚರ್ ಒಂದು ಬದಿಗೆ 4096 ಚುಕ್ಕೆ. ಈಗ ಹೆಚ್ಚು ಬಳಕೆಯಲ್ಲಿರುವ ಬಿಸಿ7 ವಿಧಾನದಲ್ಲಿ ಚುಕ್ಕೆಗೊಂದು ಬೈಟ್, ಅಂದರೆ 16 ಎಂಬಿ. ದೂರದಿಂದ ಕಾಣುವಾಗ ಬೇಕಾಗುವ ಚಿಕ್ಕ ಪ್ರತಿಗಳನ್ನೂ ಸೇರಿಸಿದರೆ ಸುಮಾರು 21 ಎಂಬಿ. ಇಂಥ 190 ಟೆಕ್ಸ್ಚರ್ ಸೇರಿದರೆ 4 ಜಿಬಿ ಕಾರ್ಡು ಬಹುತೇಕ ತುಂಬಿತು, ಬೇರೆ ಕೆಲಸಕ್ಕೆ ಜಾಗವೇ ಇಲ್ಲ. ಬಿಎಸ್‌ಎ ಒಳಗೆ ಎಷ್ಟೇ ಒತ್ತಿ ತುಂಬಿದ್ದರೂ ಆಟ ಅದನ್ನು ಬಿಚ್ಚಿಯೇ ಕಾರ್ಡಿಗೆ ಕಳುಹಿಸಬೇಕು. ಅಲ್ಲಿ ಅದೇ 21 ಎಂಬಿ. ಜಾಗ ಸಾಲದಾದಾಗ ಡ್ರೈವರ್ ಒಂದಷ್ಟನ್ನು ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆ ಹೊರಗಟ್ಟುತ್ತದೆ. ಸಂತೆಯಲ್ಲಿ ಮುಗ್ಗರಿಸುವುದು ಹೆಚ್ಚಾಗಿ ಇದೇ. ಮದ್ದು ಚಿತ್ರದ ಅಳತೆ ಇಳಿಸುವುದು: 2ಕೆ ಮಾಡಿದರೆ 21 ಎಂಬಿ ಸುಮಾರು 5ಕ್ಕೆ ಇಳಿಯುತ್ತದೆ. ಕ್ಯಾಥೆಡ್ರಲ್ ಅಸೆಟ್ಸ್ ಆಪ್ಟಿಮೈಸರ್ ಎಂಬ ಉಪಕರಣ ಎರಡೂ ಕೆಲಸ ಮಾಡುತ್ತದೆ, ಅಳತೆ ಇಳಿಸುವುದನ್ನೂ ಮೂಟೆ ಕಟ್ಟುವುದನ್ನೂ. ಬಡ ಲ್ಯಾಪ್‌ಟಾಪಿನವನಿಗೆ ಬೇಕಾದದ್ದು ಮೊದಲನೆಯದು.

ಮೂಟೆ ಕಟ್ಟುವವರಿಗೆ ಯಾರೂ ಮುಂಚಿತವಾಗಿ ಹೇಳದ ಸಂಗತಿ ಇನ್ನೊಂದಿದೆ. ಎರಡು ಮಾಡ್‌ಗಳು ಒಂದೇ ಗೋಡೆಗೆ ಬಣ್ಣ ಹೊಡೆದಿದ್ದರೆ ಯಾವುದು ಗೆಲ್ಲಬೇಕು? ಬಿಡಿ ಫೈಲುಗಳಾಗಿದ್ದಾಗ ಅದನ್ನು ಮಾಡ್ ಆರ್ಗನೈಸರಿನ ಎಡಗಡೆಯ ಪಟ್ಟಿ ತೀರ್ಮಾನಿಸುತ್ತದೆ. ಬಿಎಸ್‌ಎ ಆದ ಮೇಲೆ ಅಧಿಕಾರ ಪ್ಲಗಿನ್‌ಗಳ ಕ್ರಮಕ್ಕೆ ಹೋಗುತ್ತದೆ, ಏಕೆಂದರೆ ಪ್ರತಿ ಬಿಎಸ್‌ಎಯನ್ನೂ ಆಟಕ್ಕೆ ಕರೆತರುವುದು ಅದೇ ಹೆಸರಿನ ಪ್ಲಗಿನ್. ಇನ್ನು ಬಿಡಿಯಾಗಿ ಉಳಿದ ಒಂದೇ ಒಂದು ಫೈಲು ಎಲ್ಲ ಮೂಟೆಗಳನ್ನೂ ಸೋಲಿಸುತ್ತದೆ. ತಿಂಗಳುಗಟ್ಟಲೆ ಜೋಡಿಸಿದ ಪಟ್ಟಿಯ ಅರ್ಧವನ್ನು ಮೂಟೆ ಕಟ್ಟಿ ಅರ್ಧ ಬಿಟ್ಟರೆ ಒಂದು ಬೀದಿಯ ಮನೆಗಳು ಒಂದು ಬಗೆ, ಪಕ್ಕದ ಬೀದಿಯವು ಇನ್ನೊಂದು ಬಗೆ. ಕೇವಲ ಟೆಕ್ಸ್ಚರ್ ಇರುವ ಮಾಡ್‌ಗೂ ಒಂದು ಖಾಲಿ ಪ್ಲಗಿನ್ ಬೇಕಾಗುತ್ತದೆ. ಹಳೆಯ ಸ್ಕೈರಿಮ್‌ನಲ್ಲಿ ಅದು 250 ಚಿಲ್ಲರೆ ಜಾಗಗಳಲ್ಲಿ ಒಂದನ್ನು ತಿನ್ನುತ್ತಿತ್ತು; 2016ರಲ್ಲಿ ಬಂದ ಸ್ಪೆಷಲ್ ಎಡಿಷನ್‌ಗೆ ಹಗುರ ಪ್ಲಗಿನ್ ಸೇರಿದ ಮೇಲೆ ಆ ಕಷ್ಟ ತಪ್ಪಿತು.

‘ಫಾಲ್‌ಔಟ್ 4’ರಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಅದರ ಬಿಎ2 ಆರ್ಕೈವ್‌ನಲ್ಲಿ ಟೆಕ್ಸ್ಚರ್‌ಗೆಂದೇ ಪ್ರತ್ಯೇಕ ಬಗೆಯಿದೆ. ಚಿತ್ರದ ಚಿಕ್ಕ ದೊಡ್ಡ ಪ್ರತಿಗಳು ಅದರಲ್ಲಿ ತುಂಡುತುಂಡಾಗಿ ಇರುವುದರಿಂದ ಬೇಕಾದ ತುಂಡನ್ನಷ್ಟೇ ಆಟ ಎಳೆದುಕೊಳ್ಳಬಹುದು. ಅಲ್ಲಿ ಮೂಟೆ ಕಟ್ಟದಿರುವುದು ಸೋಮಾರಿತನವೇ ಸರಿ. ಆದರೆ ಅದೇ ಆಟಕ್ಕೆ 2024ರ ಏಪ್ರಿಲ್‌ನಲ್ಲಿ ದೊಡ್ಡ ಅಪ್‌ಡೇಟ್ ಬಂದಾಗ ಬಿಎ2ನ ಆವೃತ್ತಿ ಸಂಖ್ಯೆ ಬದಲಾಯಿತು. ಹೊಸ ರೀತಿಯಲ್ಲಿ ಕಟ್ಟಿದ ಮೂಟೆಗಳನ್ನು ಹಳೆಯ ಆಟ ಓದಲಿಲ್ಲ. ಮೂಲ ಫೈಲುಗಳನ್ನು ಬಿಡಿಯಾಗಿ ಬೇರೆ ಕಡೆ ಉಳಿಸಿಕೊಂಡವರು ಬೇಕಾದಂತೆ ಮತ್ತೆ ಕಟ್ಟಿಕೊಳ್ಳಬಹುದಿತ್ತು.

ಹಾಗಾದರೆ ಈ ಕೆಲಸ ಯಾರದ್ದು? ಮಾಡ್ ಮಾಡಿದವರದ್ದೇ ಆಗಬೇಕು. ತಮ್ಮ ಮಾಡ್ ಯಾವುದರ ಮೇಲೆ ಕೂರಬೇಕು ಎಂಬುದು ಅವರಿಗೆ ಗೊತ್ತು. ಒಮ್ಮೆ ಅವರು ಸರಿಯಾಗಿ ಕಟ್ಟಿ ಕೊಟ್ಟರೆ ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ತಪ್ಪಾಗಿ ಕಟ್ಟುವುದು ತಪ್ಪುತ್ತದೆ. ಬಿಡಿ ಫೈಲಿದ್ದರೆ ಹೊಸಬರು ಒಳಗೆ ಇಣುಕಿ ಕಲಿಯುತ್ತಾರೆ ಎಂಬ ವಾದ ಹಳೆಯದು, ಅದರಲ್ಲಿ ಹುರುಳೂ ಇದೆ. ಎಷ್ಟೋ ಮಾಡರ್‌ಗಳು ಕಲಿತದ್ದೇ ಬೇರೆಯವರ ಫೋಲ್ಡರ್ ತೆರೆದು ಒಂದು ಬಣ್ಣ ಬದಲಿಸಿ ನೋಡಿ. ಆದರೆ ಬಿಎಸ್‌ಎ ಬಿಚ್ಚುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಕಲಿಯಬೇಕೆಂದವರಿಗೆ ಅದು ಎರಡು ಕ್ಲಿಕ್ಕಿನ ಕೆಲಸ.

ಮೂಟೆ ಕಟ್ಟಿ ಕೊಡುವ ಮುನ್ನ ಅದೇ ಮಾಡರ್‌ಗಳು ಮಾಡಬಹುದಾದ ಇನ್ನೊಂದು ಉಪಕಾರವಿದೆ. ಬೆಟ್ಟಕ್ಕೆ, ಕೋಟೆಗೋಡೆಗೆ 4ಕೆ ಇರಲಿ. ಪಡಸಾಲೆಯ ಮೇಜಿನ ಮೇಲೆ, ಪರದೆಯಲ್ಲಿ ಬೆರಳುಗಾತ್ರಕ್ಕಿಂತ ದೊಡ್ಡದಾಗಿ ಎಂದೂ ಕಾಣದ ಚಮಚಕ್ಕೆ 512 ಚುಕ್ಕೆ ಸಾಕು.