ಅಂಗವೈಕಲ್ಯ ಪಿಂಚಣಿ: ಮಾಜಿ ಸೈನಿಕರ ಕಾಗದಪತ್ರವನ್ನು ಓದುವವರು ಬೇಕು

ಸ್ವಾತಂತ್ರ್ಯೋತ್ಸವ, ಕಾರ್ಗಿಲ್ ವಿಜಯ ದಿನ ಬಂತೆಂದರೆ ಹೊರನಾಡ ಕನ್ನಡ ಸಂಘಗಳು ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಸ್ಮರಣಿಕೆಯಿತ್ತು ಗೌರವಿಸುವುದು ವಾಡಿಕೆ. ಒಳ್ಳೆಯ ವಾಡಿಕೆಯೇ. ಆದರೆ ಬೆಳಗಾವಿ, ಧಾರವಾಡ, ಕೊಡಗಿನಿಂದ ಸೇನೆಗೆ ಸೇರಿ, ನಿವೃತ್ತಿಯ ಬಳಿಕ ಪುಣೆ, ಮುಂಬಯಿಗಳಲ್ಲಿ ಭದ್ರತಾ ಕೆಲಸ ಹಿಡಿದವರಲ್ಲಿ ತಮಗೆ ಅಂಗವೈಕಲ್ಯ ಪಿಂಚಣಿಯ ಹಕ್ಕಿದೆಯೇ, ಇದ್ದರೆ ಎಷ್ಟು ಎಂಬುದನ್ನೇ ತಿಳಿಯದವರಿದ್ದಾರೆ. ಅದನ್ನು ನಿರ್ಧರಿಸಿದ ವೈದ್ಯಕೀಯ ಮಂಡಳಿಯ ವರದಿ ಟ್ರಂಕಿನ ತಳದಲ್ಲಿ ಮಡಚಿಕೊಂಡೇ ಉಳಿದಿರುತ್ತದೆ.

ಆ ವರದಿಯಲ್ಲಿ ಎರಡು ಉತ್ತರಗಳಿರುತ್ತವೆ. ವೈಕಲ್ಯ ಶೇಕಡಾ ಎಷ್ಟು ಎಂಬುದು ಒಂದು. ಅದು ಸೇನಾ ಸೇವೆಯಿಂದ ಉಂಟಾಯಿತೇ ಅಥವಾ ಸೇವೆಯಿಂದ ಉಲ್ಬಣಿಸಿತೇ ಎಂಬುದು ಇನ್ನೊಂದು. ಹೆಚ್ಚಿನವರ ಕಣ್ಣು ಶೇಕಡಾವಾರಿನ ಮೇಲೆಯೇ. ಪಿಂಚಣಿಯ ಬಾಗಿಲು ತೆರೆಯುವುದು ಮಾತ್ರ ಎರಡನೆಯ ಉತ್ತರ. 'ಸೇವೆಗೆ ಸಂಬಂಧವಿಲ್ಲ' ಎಂಬ ಒಂದು ಸಾಲು ಬಿದ್ದರೆ ಶೇ. 60 ವೈಕಲ್ಯವಿದ್ದರೂ ಅಂಗವೈಕಲ್ಯದ ಅಂಶ ಸಿಗುವುದಿಲ್ಲ. ಸಂಬಂಧವಿದೆ ಎಂದಾದರೆ, ಅವಧಿ ಮುಗಿಸಿ ನಿವೃತ್ತರಾದವರಿಗೆ ಕನಿಷ್ಠ ಶೇ. 20 ವೈಕಲ್ಯವಿರಬೇಕು.

ಹಣದ ಲೆಕ್ಕ ಹೀಗೆ. ಏಳನೇ ವೇತನ ಆಯೋಗದ ಬಳಿಕದ ನಿಯಮದಂತೆ ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30, ವೈಕಲ್ಯ ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. ಕೊನೆಯ ವೇತನ 50,000 ರೂಪಾಯಿ ಇದ್ದು, ಶೇ. 40 ವೈಕಲ್ಯದಿಂದ ಸೇವೆಗೆ ಅನರ್ಹನಾಗಿ ಹೊರಬಂದವನನ್ನು ಊಹಿಸಿಕೊಳ್ಳಿ. ನೇರ ಲೆಕ್ಕದಲ್ಲಿ 6,000 ರೂಪಾಯಿ. ಆದರೆ ಶೇ. 50ಕ್ಕಿಂತ ಕಡಿಮೆಯಿದ್ದುದನ್ನು 50ಕ್ಕೆ, 50ರಿಂದ 75ರವರೆಗಿನದನ್ನು 75ಕ್ಕೆ, ಅದಕ್ಕೂ ಮೇಲಿನದನ್ನು 100ಕ್ಕೆ ಏರಿಸುವ ಪದ್ಧತಿಯಿರುವುದರಿಂದ ಅದು 7,500 ಆಗುತ್ತದೆ. ಅದೇ ಗಾಯ ಯುದ್ಧದಲ್ಲಿ ಆಗಿದ್ದರೆ ಶೇ. 100ಕ್ಕೆ ಪೂರ್ತಿ ವೇತನವೇ ಆಧಾರ, ಆಗ 25,000. ಗಾಯ ಅದೇ, ಕಾಲೂ ಅದೇ. ಕಾರಣದ ಸಾಲಿನಿಂದ ತಿಂಗಳಿಗೆ 17,500 ರೂಪಾಯಿಯ ಅಂತರ. ತುಟ್ಟಿಭತ್ಯೆ ಬೇರೆ.

ಕಾರಣದ ಸಾಲನ್ನು ಮಂಡಳಿ ಮನಸೋಇಚ್ಛೆ ಬರೆಯುವಂತಿಲ್ಲ. 1985ರಲ್ಲಿ ಸೇನೆಗೆ ಸೇರಿದ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯನ್ನು ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಶೇ. 20 ವೈಕಲ್ಯವೆಂದು ಮನೆಗೆ ಕಳುಹಿಸಲಾಯಿತು. ರೋಗ ಹುಟ್ಟುಗುಣದ್ದು ಎಂದು ಪಿಂಚಣಿ ನಿರಾಕರಿಸಲಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಸೇರುವಾಗಿನ ತಪಾಸಣೆಯಲ್ಲಿ ರೋಗದ ದಾಖಲೆ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಸಂದೇಹದ ಲಾಭ ಸೈನಿಕನಿಗೆ ಸಲ್ಲಬೇಕು, ಸಾಬೀತುಪಡಿಸುವ ಹೊಣೆ ಅವನದಲ್ಲ, ಮಂಡಳಿ ಕಾರಣ ಬರೆಯಲೇಬೇಕು ಎಂದಿತು. ಹತ್ತೊಂಬತ್ತು ವರ್ಷ! ಮರುವರ್ಷ ರಾಮ್ ಅವತಾರ್ ಪ್ರಕರಣದಲ್ಲಿ, ಶೇಕಡಾವಾರನ್ನು ಏರಿಸುವ ಸೌಲಭ್ಯ ಅವಧಿ ಪೂರೈಸಿ ನಿವೃತ್ತರಾದವರಿಗೂ ಸಲ್ಲುತ್ತದೆಂದು ಅದೇ ನ್ಯಾಯಾಲಯ ಹೇಳಿತು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಆ ಬಳಿಕ ಹೊರಬಂದವರು ತಮ್ಮ ಲೆಕ್ಕವನ್ನು ಅವುಗಳ ಪ್ರಕಾರವೇ ನೋಡಬೇಕು.

ಅಂಗವೈಕಲ್ಯ ಪಿಂಚಣಿ ಪಡೆಯುವ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲೇ ಬಹಳ ಹೆಚ್ಚು ಎಂದು ಸಿಎಜಿಯ 2023ರ ವರದಿ ತೋರಿಸಿತ್ತು. ಅದಕ್ಕೆ ಹಲವು ಕಾರಣಗಳಿರಬಹುದು. ಕಾಗದಪತ್ರ ಬಲ್ಲವರಿಗೂ ಬಾರದವರಿಗೂ ಇರುವ ಅಂತರ ಅವುಗಳಲ್ಲಿ ಒಂದಲ್ಲ ಎನ್ನುವುದು ಕಷ್ಟ.

ಸಂಘಗಳು ಕೆಲಸಕ್ಕೆ ಇಳಿಯಬೇಕಾದದ್ದು ಇಲ್ಲಿ. ಪ್ರತಿ ಸಂಘದಲ್ಲೂ ನಿವೃತ್ತ ಬ್ಯಾಂಕ್ ನೌಕರರು, ವಕೀಲರು, ವೈದ್ಯರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಕುಳಿತು ಸದಸ್ಯ ಸೈನಿಕರ ಪಿಂಚಣಿ ಆದೇಶವನ್ನೂ ವೈದ್ಯಕೀಯ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು; ಶೇಕಡಾವಾರು ಏರಿದೆಯೇ, ಕಾರಣದ ಸಾಲಿಗೆ ವಿವರಣೆ ಇದೆಯೇ ಎಂಬುದು ಗೊತ್ತಾಗುತ್ತದೆ. ವರದಿ ಕಳೆದುಹೋಗಿದ್ದರೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮಾಹಿತಿ ಹಕ್ಕಿನ ಅರ್ಜಿಯೂ ಹಾಕಬಹುದು. ವಿಧವೆಯರ ಮನೆಯ ಕಾಗದಗಳನ್ನೂ ಮರೆಯಬಾರದು.

ನಿರಾಕರಣೆ ಪತ್ರ ಬಂದ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅಲ್ಲೂ ಸೋತರೆ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ದೆಹಲಿಯಲ್ಲಿ ಪ್ರಧಾನ ಪೀಠ, ಮುಂಬಯಿ ಮತ್ತು ಚೆನ್ನೈಗಳಲ್ಲಿ ಪ್ರಾದೇಶಿಕ ಪೀಠಗಳು. ನಿವೃತ್ತನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದಾದ್ದರಿಂದ ಪುಣೆಯ ಕನ್ನಡಿಗನಿಗೆ ಮುಂಬಯಿ ಸಾಕು, ಊರಿಗೆ ಓಡಬೇಕಿಲ್ಲ. ತಡ ಮಾಡಿದರೆ ಹಕ್ಕು ಉಳಿದರೂ ಬಾಕಿ ಕರಗುತ್ತದೆ. 1983ರಲ್ಲಿ ಸೇನೆಯಿಂದ ಹೊರಬಂದು 1999ರಲ್ಲಿ ನ್ಯಾಯಾಲಯಕ್ಕೆ ಹೋದ ತರ್ಸೆಮ್ ಸಿಂಗ್ ಅವರಿಗೆ ಸುಪ್ರೀಂ ಕೋರ್ಟ್ 2008ರಲ್ಲಿ ಪಿಂಚಣಿಯನ್ನು ಒಪ್ಪಿತು. ಹಿಂದಿನ ಬಾಕಿಯನ್ನು ಮಾತ್ರ ಅರ್ಜಿಗೆ ಮುಂಚಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿತು.