ಬಸಿಗಾಲುವೆಯೂ ನಾಗರಿಕತೆಯ ಕುರುಹೇ

ನೈಲ್, ಯೂಫ್ರೆಟಿಸ್, ಟೈಗ್ರಿಸ್, ಸಿಂಧೂ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮ ಕಣ್ಣೆದುರು ನಿಲ್ಲುವುವು ಪಿರಮಿಡ್ಡುಗಳು, ಮೆಟ್ಟಿಲುಗೋಪುರಗಳು, ಸುಟ್ಟ ಇಟ್ಟಿಗೆಯ ಪಟ್ಟಣಗಳು. ಆದರೆ ಈ ವೈಭವಕ್ಕೆಲ್ಲ ಆಧಾರವಾದುದು ರೈತನು ಉಂಡು ಉಳಿಸಿದ ಧಾನ್ಯ. ಕಾಲುವೆಯಿಂದ ಬೆಳೆ, ಬೆಳೆಯಿಂದ ಕಣಜ. ಆ ಕಣಜದ ಲೆಕ್ಕವಿಡುವ ಅಗತ್ಯದಿಂದಲೇ ಸುಮೇರಿನಲ್ಲಿ ಕ್ರಿ.ಪೂ. 3200ರ ಸುಮಾರಿಗೆ ಬರವಣಿಗೆ ರೂಪುಗೊಂಡಿತು.

ಆ ಸುಮೇರಿನ ಮುಂದಿನ ಕಥೆ ಅಷ್ಟು ಹಿತಕರವಲ್ಲ. ನದಿಯ ನೀರಿನಲ್ಲಿ ಅಲ್ಪಪ್ರಮಾಣದ ಲವಣವಿರುತ್ತದೆ. ನೀರು ಆವಿಯಾದರೂ ಲವಣ ನೆಲದಲ್ಲಿಯೇ ನಿಲ್ಲುತ್ತದೆ. ಮಿತಿಮೀರಿ ನೀರು ಹಾಯಿಸಿದಲ್ಲಿ ಅಂತರ್ಜಲವು ಮೇಲೇರಿ, ಆಳದ ಲವಣವನ್ನೂ ಬೇರಿನ ಬಳಿಗೆ ತರುತ್ತದೆ. ದಕ್ಷಿಣ ಮೆಸೊಪೊಟೇಮಿಯದಲ್ಲಿ ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಾಳಬಲ್ಲ ಬಾರ್ಲಿಯೇ ಉಳಿದುದಕ್ಕೆ ಇದೇ ಕಾರಣವೆಂದು ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ವಾದಿಸಿದರು. ಈಜಿಪ್ಟಿನಲ್ಲಾದರೋ ನೈಲ್ ನದಿಯ ವಾರ್ಷಿಕ ಪ್ರವಾಹವೇ ಲವಣವನ್ನು ತೊಳೆದೊಯ್ಯುತ್ತಿತ್ತು. 1970ರಲ್ಲಿ ಆಸ್ವಾನ್ ಮಹಾ ಅಣೆಕಟ್ಟು ಪೂರ್ಣಗೊಂಡು ಆ ಪ್ರವಾಹ ನಿಂತಮೇಲೆ, ಪ್ರಕೃತಿಯು ಮಾಡುತ್ತಿದ್ದ ಕೆಲಸ ಮನುಷ್ಯನ ಪಾಲಿಗೆ ಬಂದಿತು.

ನಮ್ಮ ಕಾವೇರಿ ಕಣಿವೆಗೂ ಈ ಪಾಠ ಸಲ್ಲುತ್ತದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಟ ನಾಲೆಯು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾಗಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲು ಭೂಮಿಯನ್ನು ಗದ್ದೆಯಾಗಿಸಿತು. ಅದರ ಹೆಸರನ್ನೇ ಹೊತ್ತ ವಿ.ಸಿ. ಫಾರಂ ನೀರಾವರಿ ಬೇಸಾಯದ ಪ್ರಯೋಗಶಾಲೆಯಾಯಿತು. ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ರೂಪಿಸಿದ ‘ಇಂಡಾಫ್’ ತಳಿಗಳು ಇಲ್ಲಿಯ ಕೊಡುಗೆ. ಇಷ್ಟಾಗಿಯೂ ಬತ್ತ, ಕಬ್ಬುಗಳಿಗೆ ಸದಾ ನೀರು ನಿಲ್ಲಿಸಿದ ತಗ್ಗಿನ ಗದ್ದೆಗಳು ಅಲ್ಲಲ್ಲಿ ಜವುಗಾಗಿ, ಚೌಳಾಗಿವೆ. ನಾಲೆಯ ಕೊನೆಯಂಚಿನ ರೈತನು ಮಾತ್ರ ನೀರಿಗಾಗಿ ಕಾಯುತ್ತಾನೆ.

ನೀರು ರೈತನ ಹಕ್ಕು, ಅದಕ್ಕೆ ಮಿತಿಯೇಕೆ ಎಂದು ಕೇಳುವವರುಂಟು. ಹಕ್ಕೆಂಬುದು ನಿಜ. ಆದರೆ ಒಬ್ಬನ ಗದ್ದೆಯನ್ನು ಕೆಡಿಸುವ ಹೆಚ್ಚುವರಿ ನೀರೇ ಇನ್ನೊಬ್ಬನ ಪಾಲಿನ ನೀರು. ಆದುದರಿಂದ ನಾಲೆಯ ದುರಸ್ತಿಗೆ ಸಲ್ಲುವಷ್ಟೇ ಗಮನ ಬಸಿಗಾಲುವೆಗಳ ಹೂಳೆತ್ತುವುದಕ್ಕೂ ಸಲ್ಲಬೇಕು. ಬತ್ತದ ಬೆನ್ನಿಗೆ ಬತ್ತವನ್ನೇ ಹಾಕದೆ, ಕಡಿಮೆ ನೀರು ಬೇಡುವ ರಾಗಿ, ದ್ವಿದಳಧಾನ್ಯಗಳಿಗೂ ಸರದಿ ಬರಬೇಕು. ಚೌಳು ನೆಲಕ್ಕೆ ಜಿಪ್ಸಂ, ಹಸಿರೆಲೆ ಗೊಬ್ಬರಗಳು ಹಿತವೇ. ಆದರೆ ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ಅವುಗಳ ಫಲ ನಿಲ್ಲದು.

ಮೊಹೆಂಜೊದಾರೊವಿನ ಜನರು ಬಾವಿಗಳನ್ನು ತೋಡಿದಷ್ಟೇ ಶ್ರದ್ಧೆಯಿಂದ ಬೀದಿಬೀದಿಗೂ ಇಟ್ಟಿಗೆಯ ಚರಂಡಿಗಳನ್ನು ಕಟ್ಟಿದರು. ನೀರನ್ನು ತರುವುದು ಸಾಹಸ. ಅದನ್ನು ಸರಿಯಾಗಿ ಹೊರಗೆ ಕಳುಹಿಸುವುದು ವಿವೇಕ. ಸಾಹಸವನ್ನು ಹಿಂದಿನ ತಲೆಮಾರು ತೋರಿಸಿತು; ವಿವೇಕವನ್ನು ತೋರುವ ಹೊಣೆ ನಮ್ಮದು.